ತೋಳ ಬಂತು ಊರ ಕಾವಲಿಗೆ
(ಒಂದು ಚಿತ್ರಕಥೆ, ಒಂದು ಕಂಪ್ಯೂಟರ್ ಆಟ ಮತ್ತು ಊರು ಬಿಟ್ಟವರ ಚರಿತ್ರೆ)

ಊರು ಬಿಟ್ಟು ಬಂದವರು ಪರಸ್ಥಳದಲ್ಲಿ ಮೊದಲು ಮಾಡುವ ಕೆಲಸ ತಲೆಯ ಮೇಲೊಂದು ಸೂರು ಹುಡುಕುವುದು. ಎರಡನೆಯದು, ತಮ್ಮ ಮಾತನ್ನಾಡುವವರು ಯಾವ ಬೀದಿಯಲ್ಲಿದ್ದಾರೆಂದು ವಿಚಾರಿಸುವುದು. ಮೂರನೆಯದು, ಹತ್ತು ಜನ ಕೂಡಿದೊಡನೆ ಒಂದು ಸಂಘ ಕಟ್ಟುವುದು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಒಂದು ಕಚೇರಿ, ಒಂದು ನಿಯಮಾವಳಿ. ಇಷ್ಟಾದರೆ ಪರವೂರು ಅರ್ಧ ನಮ್ಮೂರಾದಂತೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿ, ಎಲ್ಲಿ ನೋಡಿದರೂ ನಮ್ಮವರ ಚರಿತ್ರೆ ಹೆಚ್ಚು ಕಡಿಮೆ ಹೀಗೆಯೇ ಸಾಗಿ ಬಂದಿದೆ.

ಈಗ ಒಂದು ವಿಚಿತ್ರವನ್ನು ಊಹಿಸಿಕೊಳ್ಳೋಣ. ಮಕ್ಕಳ ಕಥೆಗಳಲ್ಲಿ ಬರುವ ಪಾತ್ರಗಳೇ ಯುದ್ಧಕ್ಕೆ ಸಿಕ್ಕಿ ಊರು ಬಿಟ್ಟವು. ಕಾಡಿನ ತೋಳ, ಹಿಮದಂಥ ಬಣ್ಣದ ರಾಜಕುಮಾರಿ, ಮೂರು ಹಂದಿಮರಿಗಳು, ಕೊಡಲಿ ಹಿಡಿದ ಮರಕಡಿಯುವವನು, ಎಲ್ಲರೂ ಉಟ್ಟ ಬಟ್ಟೆಯಲ್ಲಿ ಸಮುದ್ರ ದಾಟಿ ನ್ಯೂಯಾರ್ಕ್ ನಗರ ಸೇರಿದರು. ಅಲ್ಲಿ ಒಂದು ಗಲ್ಲಿ ಹಿಡಿದು, ಕಚೇರಿ ತೆರೆದು, ನಿಯಮಾವಳಿ ಬರೆದು, ನೆರೆಹೊರೆಯ ಮನುಷ್ಯರಿಗೆ ಗುರುತು ಸಿಗದಂತೆ ಬಾಳತೊಡಗಿದರು. ಹೀಗೆ ಕಟ್ಟಿದ ಸಂಘ ತನ್ನ ಬಡವರನ್ನು ಹೇಗೆ ನೋಡಿಕೊಂಡೀತು? ಈ ಪ್ರಶ್ನೆಯ ಮೇಲೆ ಅಮೆರಿಕದಲ್ಲಿ ಒಂದು ಚಿತ್ರಕಥೆ ಹುಟ್ಟಿತು. ಆ ಚಿತ್ರಕಥೆಯಿಂದ 2013ರಲ್ಲಿ ಒಂದು ಪತ್ತೇದಾರಿ ಕಂಪ್ಯೂಟರ್ ಆಟ ಹುಟ್ಟಿತು. ಆಟದ ಹೆಸರು ‘ದಿ ವುಲ್ಫ್ ಅಮಂಗ್ ಅಸ್’, ಎಂದರೆ ‘ನಮ್ಮ ನಡುವಣ ತೋಳ’. ಆಟಗಳೆಂದರೆ ಮಕ್ಕಳು ಬೆರಳು ಸವೆಸುವ ಗದ್ದಲವೆಂದು ತಿಳಿದಿರುವ ನಮ್ಮಂಥ ಹಿರಿಯರು ಸಹ ಇದರ ಚರಿತ್ರೆಯನ್ನೊಮ್ಮೆ ನೋಡಬೇಕು. ಅದರಲ್ಲಿ ನಮ್ಮ ಮನೆಯ ಮಾತೇ ಬಹಳವಿದೆ.

ಕಥೆಗಳೂ ವಲಸೆ ಹೋಗುತ್ತವೆ

ಕೆಂಪು ಟೋಪಿಯ ಹುಡುಗಿಯನ್ನೂ ಅವಳ ಅಜ್ಜಿಯನ್ನೂ ನುಂಗಿದ ತೋಳದ ಕಥೆಯನ್ನು ಅಚ್ಚಿಗೆ ತಂದವರಲ್ಲಿ ಮೊದಲಿಗರು ಫ್ರಾನ್ಸಿನ ಶಾರ್ಲ್ ಪೆರೋ. ಅದು 1697ರ ಮಾತು. ಅವರ ಕಥೆಯಲ್ಲಿ ಹುಡುಗಿ ಬದುಕುವುದಿಲ್ಲ. ತೋಳ ತಿಂದು ತೇಗಿದಲ್ಲಿಗೆ ಕಥೆ ಮುಗಿಯಿತು. ಅದಕ್ಕೂ ಹನ್ನೆರಡು ವರ್ಷ ಮೊದಲು, 1685ರಲ್ಲಿ, ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ತನ್ನ ದೇಶದ ಪ್ರೊಟೆಸ್ಟಂಟರಿಗಿದ್ದ ರಕ್ಷಣೆಯನ್ನು ಕಿತ್ತುಕೊಂಡಿದ್ದನು. ಹ್ಯೂಗೆನಾಟರೆಂದು ಕರೆಯಲಾಗುತ್ತಿದ್ದ ಆ ಜನ ಸಾವಿರಗಟ್ಟಲೆ ಗಡಿ ದಾಟಿದರು. ಜರ್ಮನಿಯ ಹೆಸ್ಸೆ-ಕಾಸೆಲ್ ಸೀಮೆಯ ಒಡೆಯರು ಅನೇಕರಿಗೆ ಆಶ್ರಯ ಕೊಟ್ಟರು.

ನೂರಿಪ್ಪತ್ತು ವರ್ಷಗಳ ನಂತರ ಅದೇ ಕಾಸೆಲ್ ಪಟ್ಟಣದಲ್ಲಿ ಗ್ರಿಮ್ ಸೋದರರು ಜನಪದ ಕಥೆಗಳನ್ನು ಸಂಗ್ರಹಿಸಲು ಕುಳಿತರು. ಅವರಿಗೆ ಕೆಂಪು ಟೋಪಿಯ ಕಥೆ ಹೇಳಿದವರು ಹಾಸೆನ್‌ಫ್ಲುಗ್ ಎಂಬ ಮನೆತನದ ಹೆಣ್ಣುಮಕ್ಕಳು. ಆ ಮನೆಯ ತಾಯಿಯ ಕಡೆಯವರು ಹ್ಯೂಗೆನಾಟ್ ಮೂಲದವರು. ಹಲವು ಕಥೆಗಳನ್ನು ಹೇಳಿಕೊಟ್ಟ ಡೊರೊಥಿಯಾ ಫೀಮಾನ್ ಎಂಬ ಮಹಿಳೆಯೂ ಅದೇ ವಲಸೆಗಾರರ ವಂಶದವರು. 1812ರಲ್ಲಿ ಗ್ರಿಮ್ ಸೋದರರ ಪುಸ್ತಕ ಹೊರಬಂದಾಗ ಕಥೆಯ ಅಂತ್ಯ ಬದಲಾಗಿತ್ತು. ಬೇಟೆಗಾರನೊಬ್ಬ ಬಂದು ತೋಳದ ಹೊಟ್ಟೆ ಸೀಳಿ ಅಜ್ಜಿ ಮೊಮ್ಮಗಳನ್ನು ಜೀವಸಹಿತ ಹೊರತೆಗೆಯುತ್ತಾನೆ. ಅಂದರೆ ಅಪ್ಪಟ ಜರ್ಮನ್ ಸೊತ್ತೆಂದು ಹೆಸರಾದ ಕಥೆ ಆ ಊರು ಸೇರಿದ್ದು ನಿರಾಶ್ರಿತರ ನಾಲಗೆಯ ಮೇಲೆ. ಊರು ಬಿಟ್ಟವರು ಪಾತ್ರೆ ಪಡಗ ತರದಿದ್ದರೂ ಕಥೆ ತಂದಿದ್ದರು.

ಅದೇ ಕಥೆಗಳು ನಮ್ಮ ಮನೆಗೂ ಬಂದವು. ‘ಅಮರ ಚಿತ್ರ ಕಥೆ’ ಎಂದೊಡನೆ ನಮಗೆ ನೆನಪಾಗುವುದು ರಾಮ, ಕೃಷ್ಣ, ಶಿವಾಜಿ. ಆದರೆ ಆ ಹೆಸರಿನ ಪುಸ್ತಕಗಳು 1965ರಲ್ಲಿ ಮೊದಲು ಹೊರಟದ್ದು ಬೆಂಗಳೂರಿನಿಂದ, ಕನ್ನಡದಲ್ಲಿ. ಮಾಲೆಯ ಮೊದಲ ಹತ್ತು ಪುಸ್ತಕಗಳಲ್ಲಿ ಸಿಂಡ್ರೆಲಾ, ಸ್ನೋ ವೈಟ್, ಮೂರು ಹಂದಿಮರಿಗಳು, ಕೆಂಪು ಟೋಪಿಯ ಹುಡುಗಿ ಮೊದಲಾದ ಪರದೇಶದ ಕಥೆಗಳೇ ಇದ್ದವು. ಆನಂತರ ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಅನಂತ ಪೈಯವರು ಆ ಮಾಲೆಯ ಸಂಪಾದಕರಾಗಿ, ಹನ್ನೊಂದನೆಯ ಪುಸ್ತಕವಾದ ‘ಕೃಷ್ಣ’ದಿಂದ ಅದಕ್ಕೆ ಬೇರೆಯೇ ಮುಖ ಕೊಟ್ಟರು. ನಮ್ಮಲ್ಲಿ ಈ ಕಥೆಗಳಿಗೆ ಬಂಧುಗಳೂ ಇದ್ದಾರೆ. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳಿದ ಎ. ಕೆ. ರಾಮಾನುಜನ್ನರು ಕನ್ನಡದ ‘ಹಂಚಿ’ ಎಂಬ ಕಥೆಯನ್ನು ಸಿಂಡ್ರೆಲಾಳ ಪಕ್ಕದಲ್ಲಿಟ್ಟು ಪ್ರಬಂಧವನ್ನೇ ಬರೆದರು. ಆದುದರಿಂದ ಮುಂದೆ ಹೇಳಲಿರುವ ಪಾತ್ರಗಳು ನಮಗೆ ಪೂರಾ ಅಪರಿಚಿತರೇನಲ್ಲ.

ನ್ಯೂಯಾರ್ಕಿನ ಗಲ್ಲಿಯಲ್ಲೊಂದು ಸಂಘ

2002ರಲ್ಲಿ ಬಿಲ್ ವಿಲಿಂಗ್‌ಹ್ಯಾಮ್ ಎಂಬ ಅಮೆರಿಕನ್ ಲೇಖಕರು ‘ಫೇಬಲ್ಸ್’ ಎಂಬ ಮಾಸಿಕ ಚಿತ್ರಕಥೆಯನ್ನು ಆರಂಭಿಸಿದರು. ಪ್ರಕಟಿಸಿದವರು ಡಿ.ಸಿ. ಕಾಮಿಕ್ಸ್‌ನ ವರ್ಟಿಗೋ ವಿಭಾಗದವರು. ಮೊದಲ ಸಂಚಿಕೆಗಳ ಚಿತ್ರಕಾರ ಲಾನ್ ಮೆಡೀನಾ. ಬಳಿಕ ಬಹುಕಾಲ ಬರೆದವರು ಮಾರ್ಕ್ ಬಕಿಂಗ್‌ಹ್ಯಾಮ್. ಮರುವರ್ಷವೇ ಅದಕ್ಕೆ ಶ್ರೇಷ್ಠ ಹೊಸ ಮಾಲೆಯೆಂದು ಐಸ್ನರ್ ಪ್ರಶಸ್ತಿ ಬಂತು. 2015ರ ಹೊತ್ತಿಗೆ ನೂರೈವತ್ತು ಸಂಚಿಕೆಗಳಾದವು.

ಕಥೆಯ ತಳಹದಿ ಇದು. ‘ವೈರಿ’ ಎಂದಷ್ಟೇ ಕರೆಯಲಾಗುವ ಒಬ್ಬನ ಸೈನ್ಯ ಕಥಾಲೋಕದ ರಾಜ್ಯಗಳನ್ನು ಒಂದೊಂದಾಗಿ ನುಂಗಿತು. ತಪ್ಪಿಸಿಕೊಂಡವರು ನ್ಯೂಯಾರ್ಕಿಗೆ ಬಂದು ಫೇಬಲ್‌ಟೌನ್ ಎಂಬ ಗುಪ್ತ ನೆಲೆ ಮಾಡಿಕೊಂಡರು. ಒಪ್ಪಂದಕ್ಕೆ ರುಜು ಹಾಕಿದವರ ಹಳೆಯ ಅಪರಾಧಗಳೆಲ್ಲ ಮಾಫಿ. ತೋಳ ಅಜ್ಜಿಯನ್ನು ತಿಂದಿರಬಹುದು, ಹಂದಿಗಳ ಮನೆ ಊದಿ ಕೆಡವಿರಬಹುದು. ಇಲ್ಲಿ ಅದರ ಲೆಕ್ಕ ಕೇಳುವಂತಿಲ್ಲ. ಆ ತೋಳವೇ ಈಗ ಬಿಗ್ಬಿ ಎಂಬ ಹೆಸರಿನಲ್ಲಿ ಮನುಷ್ಯರೂಪ ತಾಳಿ ಊರ ಶೆರಿಫ್ ಆಗಿದ್ದಾನೆ. ಸ್ನೋ ವೈಟ್ ಕಚೇರಿಯ ಕೆಲಸ ನೋಡಿಕೊಳ್ಳುತ್ತಾಳೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ ಇದು ಕಂಡರೂ ಲೇಖಕರ ಆಲೋಚನೆ ಆಳವಾದುದು. ಪರದೇಶಕ್ಕೆ ಬಂದವನಿಗೆ ಹಳೆಯ ಹೆಸರನ್ನು ತೊಳೆದುಕೊಳ್ಳಲು ಒಂದು ಅವಕಾಶ ಸಿಗುತ್ತದೆ. ಆದರೆ ಜೊತೆಗೆ ಬಂದ ಊರವರ ನೆನಪನ್ನು ಯಾರು ತೊಳೆದಾರು?

ಊರಿನ ಇನ್ನೊಂದು ನಿಯಮ ಕಟುವಾದುದು. ಮನುಷ್ಯರಂತೆ ಕಾಣದ ಪ್ರಾಣಿಗಳು, ಭೂತಗಳು ‘ಗ್ಲಾಮರ್’ ಎಂಬ ಮಂತ್ರದ ಮದ್ದನ್ನು ಕೊಂಡು ವೇಷ ಮರೆಸಿಕೊಳ್ಳಬೇಕು. ಅದು ದುಬಾರಿ. ಕೊಳ್ಳಲಾರದವರು ನಗರದಲ್ಲಿ ಇರುವಂತಿಲ್ಲ. ಅವರನ್ನು ದೂರದ ಹಳ್ಳಿಗಾಡಿನ ‘ಫಾರ್ಮ್’ ಎಂಬ ತೋಟಕ್ಕೆ ಕಳಿಸಲಾಗುತ್ತದೆ. ಅಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಹೊರಗೆ ಬರುವ ಹಕ್ಕಿಲ್ಲ, ಅಷ್ಟೆ. ಉಳ್ಳವರು ವುಡ್‌ಲ್ಯಾಂಡ್ಸ್ ಎಂಬ ಭವ್ಯ ಕಟ್ಟಡದಲ್ಲಿದ್ದಾರೆ. (ಹೆಸರು ಕೇಳಿ ಚೆನ್ನೈಯ ನಮ್ಮ ಓದುಗರು ಉಡುಪಿಯ ಕೃಷ್ಣರಾಯರ ಹೋಟೆಲನ್ನು ನೆನೆದರೆ ತಪ್ಪಲ್ಲ; ಆದರೆ ಇಲ್ಲಿ ಇಡ್ಲಿ ಸಿಗದು.) ಇಲ್ಲದವರು ಸೋರುವ ಚಾಳುಗಳಲ್ಲಿದ್ದಾರೆ. ಸಂಘ ಒಂದೇ, ಬಾಗಿಲು ಎರಡು.

ಆಟದ ಮನೆತನ

ಇನ್ನು ಈ ಚಿತ್ರಕಥೆಯನ್ನು ಆಟವಾಗಿಸಿದವರ ಸಂಗತಿ. ಕಂಪ್ಯೂಟರಿನ ಮೇಲೆ ಚಿತ್ರಗಳೊಡನೆ ಕಥೆ ಹೇಳುವ ಆಟ ಹುಟ್ಟಿದ್ದೇ ಪತ್ತೇದಾರಿಯಾಗಿ. 1980ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟಾ ವಿಲಿಯಮ್ಸ್ ಮತ್ತು ಅವರ ಪತಿ ಕೆನ್ ‘ಮಿಸ್ಟರಿ ಹೌಸ್’ ಎಂಬ ಆಟವನ್ನು ಆಪಲ್ ಯಂತ್ರಕ್ಕಾಗಿ ರಚಿಸಿದರು. ಒಂದು ಹಳೆಯ ಬಂಗಲೆ, ಒಬ್ಬೊಬ್ಬರಾಗಿ ಸಾಯುವ ಅತಿಥಿಗಳು, ಕೊಲೆಗಾರನನ್ನು ಹುಡುಕುವುದು ಆಟಗಾರನ ಕೆಲಸ. ಅದಕ್ಕೆ ಪ್ರೇರಣೆ ಅಗಾಥಾ ಕ್ರಿಸ್ಟಿಯವರ ಕಾದಂಬರಿ. ಗೆರೆಗಳಿಂದ ಬರೆದ ಚಿತ್ರಗಳು ಬಾಲಬೋಧೆಯ ಮಟ್ಟದವು. ಆದರೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ರಾತ್ರಿಯೆಲ್ಲ ಓದಿದವರಿಗೆ ಆ ಆಟದ ಸೆಳೆತವೇನೆಂದು ವಿವರಿಸಬೇಕಾಗಿಲ್ಲ. ಮುಂದಿನ ಪುಟ ತಿರುಗಿಸುವ ಬದಲು ಮುಂದಿನ ಬಾಗಿಲು ತೆರೆಯುವುದು, ಅಷ್ಟೇ ವ್ಯತ್ಯಾಸ.

1987ರಲ್ಲಿ ಸ್ಟೀವ್ ಪರ್ಸೆಲ್ ಎಂಬ ಚಿತ್ರಕಾರರು ಸ್ಯಾಮ್ ಎಂಬ ನಾಯಿ, ಮ್ಯಾಕ್ಸ್ ಎಂಬ ಮೊಲದಂಥ ಪ್ರಾಣಿ, ಈ ಪತ್ತೇದಾರ ಜೋಡಿಯ ಚಿತ್ರಕಥೆ ತಂದರು. 1993ರಲ್ಲಿ ಲೂಕಾಸ್ ಆರ್ಟ್ಸ್ ಕಂಪನಿ ಅದನ್ನು ಆಟವಾಗಿಸಿತು, ಜನ ಮೆಚ್ಚಿದರು. ಅದರ ಮುಂದಿನ ಭಾಗ ತಯಾರಾಗುತ್ತಿದ್ದಾಗಲೇ 2004ರ ಮಾರ್ಚಿಯಲ್ಲಿ ಕಂಪನಿ ಅದನ್ನು ನಿಲ್ಲಿಸಿಬಿಟ್ಟಿತು. ಕಥೆಯಾಟಗಳ ಕಾಲ ಮುಗಿಯಿತೆಂಬುದು ಆಗ ಪೇಟೆಯಲ್ಲಿದ್ದ ಮಾತು. ಅಲ್ಲಿಂದ ಹೊರಬಂದ ಕೆಲವರು ಅದೇ ವರ್ಷ ಸ್ಯಾನ್ ರಫೇಲ್ ಪಟ್ಟಣದಲ್ಲಿ ‘ಟೆಲ್‌ಟೇಲ್ ಗೇಮ್ಸ್’ ಎಂಬ ಸ್ವಂತ ಅಂಗಡಿ ತೆರೆದರು. ಹಳೆಯ ಮನೆಯಿಂದ ಹೊರಬಿದ್ದವರು ಹೊಸ ಮನೆ ಕಟ್ಟಿದ್ದು ಇಲ್ಲಿಯೂ ಇದೆಯೆಂಬುದನ್ನು ವಾಚಕರು ಗಮನಿಸಬೇಕು.

ಟೆಲ್‌ಟೇಲಿನವರು ನಮ್ಮ ವಾರಪತ್ರಿಕೆಗಳ ಧಾರಾವಾಹಿಯ ದಾರಿ ಹಿಡಿದರು. ಇಡೀ ಆಟವನ್ನು ಒಮ್ಮೆಗೆ ಮಾರದೆ ಕಂತುಗಳಲ್ಲಿ ಕೊಡುವುದು. ಪ್ರತಿ ಕಂತಿನ ಕೊನೆಗೆ ಒಂದು ಕೊಕ್ಕೆ. 2005ರಲ್ಲಿ ಜೆಫ್ ಸ್ಮಿತ್‌ರ ‘ಬೋನ್’ ಚಿತ್ರಕಥೆ, 2006ರಲ್ಲಿ ಮರಳಿ ಬಂದ ಸ್ಯಾಮ್ ಮತ್ತು ಮ್ಯಾಕ್ಸ್, 2012ರಲ್ಲಿ ‘ದಿ ವಾಕಿಂಗ್ ಡೆಡ್’ ಚಿತ್ರಕಥೆಯ ಆಟ. ಈ ಕಡೆಯದು ಆ ವರ್ಷದ ಶ್ರೇಷ್ಠ ಆಟವೆಂದು ಹಲವು ಪ್ರಶಸ್ತಿ ಪಡೆಯಿತು. ಬಂದೂಕಿನ ಚುರುಕುತನಕ್ಕಿಂತ ಮಾತಿನ ತೂಕವೇ ಮುಖ್ಯವಾದ ಆಟವೂ ಗೆಲ್ಲಬಲ್ಲುದೆಂದು ಆಗ ಎಲ್ಲರಿಗೂ ಮನವರಿಕೆಯಾಯಿತು. ಆ ಧೈರ್ಯದ ಮೇಲೆ 2013ರ ಅಕ್ಟೋಬರಿನಲ್ಲಿ ತೋಳದ ಆಟದ ಮೊದಲ ಕಂತು ಬಂತು. ಐದನೆಯ ಮತ್ತು ಕೊನೆಯ ಕಂತು ಬಂದದ್ದು 2014ರ ಜುಲೈಯಲ್ಲಿ. ಅದರ ಹೆಸರು ‘ಕ್ರೈ ವುಲ್ಫ್’. ಪ್ರಾಥಮಿಕ ಶಾಲೆಯಲ್ಲಿ ‘ತೋಳ ಬಂತು ತೋಳ’ ಪಾಠ ಓದಿದ ನಮಗೆ ಆ ಹೆಸರಿನ ಅರ್ಥ ಯಾರೂ ಹೇಳಬೇಕಿಲ್ಲ.

ಬಡ್ಡಿಯವನ ಬಾಗಿಲು

ಆಟದ ಕಾಲ 1986. ಚಿತ್ರಕಥೆಯ ಘಟನೆಗಳಿಗಿಂತ ಹಿಂದಿನ ಮಾತು. ಹರಕು ಬಾಡಿಗೆ ಮನೆಯೊಂದರಿಂದ ಕಪ್ಪೆ ಟೋಡ್ ಶೆರಿಫನಿಗೆ ಫೋನು ಮಾಡುತ್ತಾನೆ. ಮೇಲಿನ ಕೋಣೆಯಲ್ಲಿ ಕುಡಿದ ಮರಕಡಿಯುವವನು ಒಬ್ಬ ಹೆಂಗಸನ್ನು ಹೊಡೆಯುತ್ತಿದ್ದಾನೆ. ಬಿಗ್ಬಿ ಬಿಡಿಸುತ್ತಾನೆ. ಹೆಂಗಸು ಯಾರೆಂದು ಕೇಳಿದರೆ ಅವಳಿಂದ ಉತ್ತರವಿಲ್ಲ. ಬಾಯಿ ಕಟ್ಟಿದೆಯೆಂಬಂತೆ ಮಾತು ತಪ್ಪಿಸುತ್ತಾಳೆ. ಅದೇ ರಾತ್ರಿ ಆಕೆಯ ತಲೆ ವುಡ್‌ಲ್ಯಾಂಡ್ಸಿನ ಮೆಟ್ಟಿಲ ಮೇಲೆ ಸಿಗುತ್ತದೆ. ಅವಳ ಹೆಸರು ಫೇತ್. ಪೆರೋನ ಇನ್ನೊಂದು ಕಥೆಯಲ್ಲಿ ಕತ್ತೆಯ ಚರ್ಮ ಹೊದ್ದು ಓಡಿಹೋಗಿ ಕೊನೆಗೆ ರಾಣಿಯಾದವಳು ಈಕೆ. ಕಥೆಯಲ್ಲಿ ‘ಸುಖವಾಗಿದ್ದರು’ ಎಂದು ಮುಗಿದವಳ ಬಾಳು ನಗರದಲ್ಲಿ ಹೀಗೆ ಮುಗಿಯಿತು. ಕೊಂದವರು ಯಾರು ಎಂಬುದೇ ಐದು ಕಂತುಗಳ ಹುಡುಕಾಟ. ಆ ಗುಟ್ಟನ್ನು ನಾವು ಇಲ್ಲಿ ಬಿಡಿಸುವುದಿಲ್ಲ; ಆಡುವವರ ಸಂತೋಷ ಕೆಡಿಸುವುದು ಸಲ್ಲದು.

ಆಟಗಾರನೇ ಬಿಗ್ಬಿ. ಎದುರಿನವನು ಒಂದು ಮಾತು ಕೇಳಿದಾಗ ತೆರೆಯ ಮೇಲೆ ನಾಲ್ಕು ಉತ್ತರಗಳು ಮೂಡುತ್ತವೆ. ಕೆಲವು ಕ್ಷಣಗಳಲ್ಲಿ ಒಂದನ್ನು ಆರಿಸಬೇಕು. ಗದರಿಸಬಹುದು, ಸಮಾಧಾನ ಹೇಳಬಹುದು, ಸುಳ್ಳಾಡಬಹುದು. ಏನೂ ಆರಿಸದೆ ಕುಳಿತರೆ ಮೌನವೇ ಉತ್ತರವಾಗುತ್ತದೆ. ಮುಖ್ಯವಾದ ಮಾತಾದ ಮೇಲೆ, ಎದುರಿನವರು ಇದನ್ನು ನೆನಪಿಟ್ಟುಕೊಳ್ಳುವರು ಎಂಬ ಅರ್ಥದ ಸಣ್ಣ ಸೂಚನೆ ಮೇಲೆ ಮೂಡುತ್ತದೆ. ಆಡಿದ ಮಾತು, ಆಡದ ಮಾತು ಎರಡಕ್ಕೂ ಲೆಕ್ಕವುಂಟೆಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಉಪಾಯ ಬೇರೆ ಕಡೆ ಅಪರೂಪ. ಕಂತು ಮುಗಿದಾಗ ಬೇರೆ ಆಟಗಾರರಲ್ಲಿ ಶೇಕಡ ಎಷ್ಟು ಜನ ನಮ್ಮಂತೆಯೇ ನಡೆದುಕೊಂಡರೆಂಬ ಪಟ್ಟಿಯೂ ಬರುತ್ತದೆ. ಊರ ಪಂಚಾಯಿತಿಯಲ್ಲಿ ಕೈ ಎತ್ತಿಸಿ ಎಣಿಸಿದಂತೆ.

ಕೊಲೆಯ ಜಾಡು ಹಿಡಿದು ಹೋದಂತೆ ಶೆರಿಫನಿಗೆ ಊರಿನ ಹಿತ್ತಲು ಕಾಣುತ್ತದೆ. ಹಂದಿಮರಿ ಕಾಲಿನ್ ಫಾರ್ಮಿನಿಂದ ತಪ್ಪಿಸಿಕೊಂಡು ಬಂದು ಬಿಗ್ಬಿಯ ಒಂದೇ ಕೋಣೆಯ ಮನೆಯಲ್ಲಿ, ಅವನದೇ ಕುರ್ಚಿಯಲ್ಲಿ ಮಲಗುತ್ತಾನೆ. ‘ನನ್ನ ಮನೆ ಊದಿ ಕೆಡವಿದವನು ನೀನು, ಈಗ ಜಾಗ ಕೊಡು’ ಎಂಬ ವಾದಕ್ಕೆ ತೋಳದ ಬಳಿ ಉತ್ತರವಿಲ್ಲ. ಟೋಡ್ ತನ್ನ ಪುಟ್ಟ ಮಗನೊಡನೆ ಹಸಿರು ಕಪ್ಪೆಯಾಗಿಯೇ ಓಡಾಡುತ್ತಾನೆ, ಮದ್ದಿಗೆ ದುಡ್ಡಿಲ್ಲ. ಹಾಲಿ ಎಂಬ ರಾಕ್ಷಸಿ ನಡೆಸುವ ಸಾರಾಯಿ ಅಂಗಡಿಯಲ್ಲಿ ಕಚೇರಿಯ ಹೆಸರೆತ್ತಿದರೆ ಉಗಿಯುತ್ತಾರೆ. ಅವಳ ಸೋದರಿ ಕಾಣೆಯಾದಾಗ ಕಚೇರಿ ಕಿವಿಗೊಡಲಿಲ್ಲ. ಅಜ್ಜಿಯನ್ನು ಕಾಪಾಡಿದ ಶೂರನೆಂದು ಹೆಸರಾದ ಮರಕಡಿಯುವವನು ಅದೇ ಅಂಗಡಿಯಲ್ಲಿ ಒಪ್ಪಿಕೊಳ್ಳುತ್ತಾನೆ: ತಾನು ಅಂದು ಹೋದದ್ದು ಆ ಮುದುಕಿಯನ್ನು ದೋಚಲು.

ಬ್ಯೂಟಿ ಮತ್ತು ಬೀಸ್ಟ್ ದಂಪತಿಗಳ ಪಾಡು ನಮ್ಮ ಓದುಗರಿಗೆ ಎಲ್ಲಕ್ಕಿಂತ ಹತ್ತಿರವಾಗಿ ತೋರೀತು. ಹಿಂದೆ ಅರಮನೆಯಲ್ಲಿದ್ದವರು. ಇಲ್ಲಿಯೂ ವುಡ್‌ಲ್ಯಾಂಡ್ಸಿನ ಮನೆ ಬಿಡಲು ಮನಸ್ಸಿಲ್ಲ. ಹೆಂಡತಿ ಗಂಡನಿಗೆ ತಿಳಿಯದಂತೆ ಒಂದು ಅಗ್ಗದ ಹೋಟೆಲಿನ ಮುಂಗಟ್ಟೆಯಲ್ಲಿ ರಾತ್ರಿ ಕೆಲಸಕ್ಕೆ ಹೋಗುತ್ತಾಳೆ. ಸಾಲದ ಮೇಲೆ ಸಾಲ. ಊರಿಗೆ ಹಾಕುವ ಕಾಗದದಲ್ಲಿ ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಬರೆದು, ಮನೆಮಾಲೀಕ ಬಂದಾಗ ದೀಪ ಆರಿಸಿ ಕುಳಿತ ಕುಟುಂಬಗಳು ನಮ್ಮಲ್ಲಿಯೂ ಇದ್ದವಲ್ಲವೆ?

ಈ ಸಾಲವೆಲ್ಲ ಬರುವುದು ‘ಕ್ರುಕೆಡ್ ಮ್ಯಾನ್’ ಎಂಬ ವಕ್ರ ಮನುಷ್ಯನಿಂದ. ಇಂಗ್ಲಿಷ್ ಶಿಶುಗೀತೆಯೊಂದರ ಸೊಟ್ಟ ಮನುಷ್ಯನೇ ಇಲ್ಲಿ ಬಡ್ಡಿ ವ್ಯಾಪಾರಿ. ಕಚೇರಿಯ ಮುಂದಿನ ಸಾಲಿನಲ್ಲಿ ನಿಂತು ನಿಂತು ಕಾಲು ಸೋತವರಿಗೆ ಅವನ ಬಾಗಿಲು ಸದಾ ತೆರೆದಿದೆ. ಕೇಳಿದೊಡನೆ ಹಣ, ಕೇಳಿದೊಡನೆ ಮದ್ದು. ಅವನು ಬೆಲೆ ವಸೂಲು ಮಾಡುವ ರೀತಿ ಮಾತ್ರ ಆಮೇಲೆ ತಿಳಿಯುತ್ತದೆ. ಕೊನೆಗೆ ಅವನನ್ನು ಜೀವಸಹಿತ ಹಿಡಿದು ತಂದರೆ ಊರವರೆಲ್ಲರ ಮುಂದೆ ವಿಚಾರಣೆಯಾಗುತ್ತದೆ. ಆಗ ಅವನು ತನ್ನ ಪರವಾಗಿ ಹೇಳುವುದೇನು? ‘ನಿಮಗೆ ಕಷ್ಟ ಬಂದಾಗ ಯಾರು ಕೊಟ್ಟರು, ಕಚೇರಿಯೋ ನಾನೋ?’ ಎಂಬುದು ಅವನ ವಾದದ ತಿರುಳು. ನೆರೆದವರಲ್ಲಿ ಹಲವರು ತಲೆದೂಗುತ್ತಾರೆ. ಕೊಲೆಗಡುಕನ ಬಾಯಲ್ಲಿ ಬಂದ ಮಾತಾದರೂ ಅದು ಪೂರಾ ಸುಳ್ಳಲ್ಲ. ಇಡೀ ಆಟದ ಕೀಲು ಇಲ್ಲಿದೆ. ದುಷ್ಟನೊಬ್ಬನನ್ನು ಹಿಡಿದರೆ ಪ್ರಕರಣ ಮುಗಿಯಬಹುದು. ಅವನ ಬಾಗಿಲಿಗೆ ಜನರನ್ನು ಅಟ್ಟಿದ್ದು ಸಂಘದ ಮುಚ್ಚಿದ ಬಾಗಿಲು. ಅದು ಪ್ರಕರಣದಲ್ಲಿ ದಾಖಲಾಗುವುದಿಲ್ಲ.

ನಡುವೆ ಬರುವ ಒಂದು ಸಂದರ್ಭವನ್ನು ಹೇಳಲೇಬೇಕು. ಗ್ರೀನ್‌ಲೀಫ್ ಎಂಬ ಮಾಟಗಾತಿ ಬಡವರಿಗೆಂದು ಕಡಿಮೆ ಬೆಲೆಗೆ ಕಳ್ಳಮದ್ದು ಮಾಡುತ್ತಾಳೆ. ಅದು ತಯಾರಾಗುವುದು ಅವಳ ಒಂದು ಹಳೆಯ ಮರದಿಂದ. ಕಾನೂನಿನ ಪ್ರಕಾರ ಮರವನ್ನು ಸುಡಬೇಕು. ಸುಟ್ಟರೆ ಕಾನೂನು ಉಳಿಯಿತು, ಬಡವರ ಮುಖವಾಡ ಹೋಯಿತು. ಸುಡದೆ ಆಕೆಯನ್ನು ಕಚೇರಿಯ ಕೆಲಸಕ್ಕೇ ಕರೆಯಲೂ ಬಹುದು. ನಿರ್ಧಾರ ಆಟಗಾರನದು. ಸರಿಯುತ್ತರ ಇದೆಂದು ಆಟ ಹೇಳುವುದಿಲ್ಲ. ಗುರುತು ಹಾಕುವ ಮೇಷ್ಟರೂ ಇಲ್ಲ. ನಾವು ಮನೆಯಲ್ಲಿ ದೊಡ್ಡ ಮಕ್ಕಳೊಡನೆ ಈ ಒಂದು ಪ್ರಸಂಗವನ್ನು ಚರ್ಚಿಸಿದರೆ ಒಂದು ಸಂಜೆ ಸಾರ್ಥಕವಾದೀತು.

ಕುಂದುಗಳಿಲ್ಲವೆಂದಲ್ಲ. ನಾವು ಏನು ಆರಿಸಿದರೂ ಕೊಲೆಯ ಉತ್ತರ ಒಂದೇ. ಬದಲಾಗುವುದು ನಡುವಣ ಸಂಬಂಧಗಳು ಮಾತ್ರ ಎಂಬ ಟೀಕೆ ಬಂತು, ಅದು ನಿಜ. ಹಿಂಸೆ, ಕೆಟ್ಟ ಮಾತು ಧಾರಾಳವಾಗಿವೆ. ಅಮೆರಿಕದಲ್ಲಿ ಹದಿನೇಳು ತುಂಬಿದವರಿಗೆಂದೇ ಗುರುತು ಹಾಕಿದ ಆಟವಿದು. ‘ಸ್ನೋ ವೈಟ್ ಇದ್ದಾಳಲ್ಲ’ ಎಂದು ಚಿಕ್ಕ ಮಕ್ಕಳ ಕೈಗೆ ಕೊಡತಕ್ಕುದಲ್ಲವೆಂದು ತಾಯ್ತಂದೆಗಳಿಗೆ ಸ್ಪಷ್ಟವಾಗಿ ತಿಳಿಸುತ್ತೇವೆ.

ಕಥೆ ಹೇಳಿದವರ ಗತಿ

ಚಿತ್ರಕಥೆಯಿಂದ ಹುಟ್ಟಿದ ಆಟ 2014ರ ಕೊನೆಗೆ ಮತ್ತೆ ಚಿತ್ರಕಥೆಯಾಗಿ ಪ್ರಕಟವಾಗತೊಡಗಿತು. ಮಗಳು ತವರಿಗೆ ಬಂದಂತಾಯಿತು. ಆದರೆ ಆಟ ಕಟ್ಟಿದವರ ಮನೆಯಲ್ಲಿ ಸುಖವಿರಲಿಲ್ಲ. ಒಂದು ಗೆಲುವಿನ ಬೆನ್ನಿಗೆ ಹತ್ತು ಕೆಲಸ ಹಿಡಿದು, ನೌಕರರನ್ನು ಹಗಲು ರಾತ್ರಿ ದುಡಿಸಿ, ಒಂದೇ ಅಚ್ಚಿನ ಆಟಗಳನ್ನು ಸಾಲಾಗಿ ಹೊರಡಿಸಿದ ಕಂಪನಿಯ ಮಾರಾಟ ಕುಸಿಯಿತು. 2018ರ ಸೆಪ್ಟೆಂಬರ್ 21ರಂದು ಟೆಲ್‌ಟೇಲ್ ಸುಮಾರು 250 ಜನರನ್ನು ಒಂದೇ ದಿನ ಮನೆಗೆ ಕಳಿಸಿತು. ಉಳಿದವರು 25 ಮಂದಿ. ಹೋದವರಿಗೆ ಪರಿಹಾರಧನವಿಲ್ಲ, ಆರೋಗ್ಯ ವಿಮೆ ತಿಂಗಳ ಕೊನೆಯವರೆಗೆ, ಎಂದರೆ ಒಂಬತ್ತು ದಿನ. ಮುಂಚಿತವಾಗಿ ನೋಟಿಸು ಕೊಡಬೇಕೆಂಬ ಕಾನೂನು ಮುರಿದರೆಂದು ನೌಕರರ ಪರವಾಗಿ ದಾವೆ ಬಿತ್ತು. ತೋಳದ ಆಟದ ಎರಡನೆಯ ಭಾಗವೂ ಅಲ್ಲಿಗೆ ನಿಂತಿತು.

ಸಂಘವು ತನ್ನ ಬಡವರನ್ನು ಕೈಬಿಟ್ಟ ಕಥೆಯನ್ನು ಅಷ್ಟು ಮನಮುಟ್ಟುವಂತೆ ಹೇಳಿದವರು ತಾವೇ ಒಂದು ಶುಕ್ರವಾರ ಪೆಟ್ಟಿಗೆ ಹೊತ್ತು ಬೀದಿಗೆ ಬಂದರು. ಇದನ್ನು ವಿಧಿಯ ವ್ಯಂಗ್ಯವೆಂದು ಹೇಳಿ ಮುಗಿಸುವುದು ಸುಲಭ. ವಿಧಿಯ ಕೈವಾಡಕ್ಕಿಂತ ಆಡಳಿತದ ಕೈವಾಡವೇ ಇದರಲ್ಲಿ ಹೆಚ್ಚೆಂದು ನಮ್ಮ ಎಣಿಕೆ. 2019ರಲ್ಲಿ ಬೇರೊಂದು ಸಂಸ್ಥೆ ಟೆಲ್‌ಟೇಲ್ ಎಂಬ ಹೆಸರನ್ನೂ ಹಕ್ಕುಗಳಲ್ಲಿ ಕೆಲವನ್ನೂ ಕೊಂಡಿತು. ಆ ಡಿಸೆಂಬರಿನಲ್ಲಿ ಎರಡನೆಯ ಭಾಗ ಹೊಸದಾಗಿ ಘೋಷಣೆಯಾಯಿತು. 2023ಕ್ಕೆಂದು ಹೇಳಿದ್ದು ಆ ವರ್ಷ ಬರಲಿಲ್ಲ.

ಮೂಲ ಲೇಖಕರ ಕಥೆಯೂ ಇದಕ್ಕೆ ಹೊರತಲ್ಲ. ವಿಲಿಂಗ್‌ಹ್ಯಾಮ್‌ರಿಗೂ ಪ್ರಕಾಶಕರಿಗೂ ಒಪ್ಪಂದದ ಬಗ್ಗೆ ವರ್ಷಗಟ್ಟಲೆ ಜಗಳವಿತ್ತು. ನ್ಯಾಯಾಲಯಕ್ಕೆ ಹೋಗುವ ಶಕ್ತಿ ತಮಗಿಲ್ಲವೆಂದ ಅವರು 2023ರ ಸೆಪ್ಟೆಂಬರಿನಲ್ಲಿ ‘ಫೇಬಲ್ಸ್’ ಇನ್ನು ಮುಂದೆ ಸಾರ್ವಜನಿಕರ ಸೊತ್ತು, ಯಾರು ಬೇಕಾದರೂ ಬಳಸಬಹುದು ಎಂದು ಸಾರಿಬಿಟ್ಟರು. ಹಕ್ಕು ತಮ್ಮದೇ ಎಂದು ಡಿ.ಸಿ. ಕೂಡಲೇ ಉತ್ತರ ಕೊಟ್ಟಿತು. ಕಾನೂನಿನ ತೀರ್ಮಾನ ಹೇಳುವ ಅಧಿಕಾರ ನಮಗಿಲ್ಲ. ಆದರೆ ಒಂದು ಮಾತು ಹೇಳಬಹುದು. ಆ ತೋಳ, ಆ ರಾಜಕುಮಾರಿ, ಆ ಹಂದಿಮರಿ ಮೊದಲು ಯಾರ ಸೊತ್ತು? ಕಾಸೆಲ್ಲಿನ ಒಲೆಯ ಮುಂದೆ ಕುಳಿತು ಕಥೆ ಹೇಳಿದ ವಲಸೆಗಾರರ ಹೆಣ್ಣುಮಕ್ಕಳಿಗೆ ಯಾವ ಒಪ್ಪಂದವೂ ಇರಲಿಲ್ಲ, ಗೌರವಧನವೂ ಬರಲಿಲ್ಲ. ಮುನ್ನೂರು ವರ್ಷ ಊರೂರು ಅಲೆದ ಕಥೆಗಳಿಗೆ ಬೇಲಿ ಹಾಕುವುದು ಯಾರಿಗೂ ಸುಲಭವಲ್ಲ.

ನಮಗೇನು?

ಪರದೇಶದ ಆಟ, ಪರದೇಶದ ಜಗಳ, ನಮಗೇನು ಎಂದು ಕೆಲವರು ಕೇಳಿಯಾರು. ನಮ್ಮ ಹಿರಿಯರು ಮುಂಬಯಿಯಲ್ಲಿ ಸಂಘ ಕಟ್ಟಿದಾಗ ನಾಟಕ ಆಡಿದರು, ನಾಡಹಬ್ಬ ಮಾಡಿದರು, ನಿಜ. ಅದರ ಜೊತೆಯಲ್ಲಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನೂ ನಡೆಸಿದರು. ಹಗಲೆಲ್ಲ ದುಡಿದು ರಾತ್ರಿ ಪಾಠಕ್ಕೆ ಕುಳಿತ ಆ ಹುಡುಗರಲ್ಲಿ ಎಷ್ಟೋ ಮಂದಿ ಮುಂದೆ ಬಂದರು. ಅವರಿಗೆ ಸಂಘದ ಬಾಗಿಲು ತೆರೆದಿತ್ತು. ಆದುದರಿಂದ ವಕ್ರ ಮನುಷ್ಯನ ಬಾಗಿಲು ಬೇಕಾಗಲಿಲ್ಲ.

ಇಂದು ನಮ್ಮ ನಗರಗಳಿಗೆ ಬರುವ ಕನ್ನಡಿಗರಲ್ಲಿ ದೊಡ್ಡ ಸಂಬಳದ ಕಂಪ್ಯೂಟರ್ ಎಂಜಿನಿಯರುಗಳಿದ್ದಾರೆ. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳೂ ಇವೆ. ಮೊದಲನೆಯವರು ನಮ್ಮ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಾರೆ. ಎರಡನೆಯವರ ಹೆಸರು ನಮ್ಮ ಸದಸ್ಯರ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅವರು ಕನ್ನಡವನ್ನೇ ಆಡುತ್ತಾರೆ. ಆದರೆ ಸಭಾಭವನಕ್ಕೆ ಬರಲು ಬೇಕಾದ ಬಟ್ಟೆ, ಬಿಡುವು, ಧೈರ್ಯ ಅವರ ಬಳಿ ಇಲ್ಲ. ಆ ಆಟದ ಊರಿನಲ್ಲಿ ‘ಗ್ಲಾಮರ್’ ಎಂದು ಕರೆದದ್ದು ಇದನ್ನೇ ಅಲ್ಲವೆ?

ಆಟದ ಕೊನೆಗೆ ಟೋಡ್ ತನ್ನ ಮಗನೊಡನೆ ಫಾರ್ಮಿಗೆ ಹೊರಡುತ್ತಾನೆ. ನಿಯಮ ನಿಯಮವೇ ಎಂದು ಕಚೇರಿ ಹೇಳಿದೆ. ಕೊಲೆಯ ರಹಸ್ಯ ಬಿಡಿಸಿದ ಶೆರಿಫ್ ಅದನ್ನು ನೋಡುತ್ತ ನಿಲ್ಲುತ್ತಾನೆ. ಕೊಲೆಗಾರ ಸಿಕ್ಕಿದ ಸಂತೋಷಕ್ಕಿಂತ ಆ ಕಪ್ಪೆಯ ಮರಿ ಹೊರಟುಹೋದ ಬೇಸರವೇ ಆಡಿದವರ ಮನಸ್ಸಿನಲ್ಲಿ ಬಹಳ ಕಾಲ ಉಳಿಯುತ್ತದೆ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾದ ಮೇಲೆ ‘ಇತರ ವಿಷಯಗಳು’ ಎಂಬ ಶೀರ್ಷಿಕೆ ಬಂದಾಗ, ಈ ವರ್ಷ ನಮ್ಮ ಬಾಗಿಲಿನಿಂದ ಯಾರು ಹಿಂತಿರುಗಿ ಹೋದರು ಎಂದು ಸದಸ್ಯರಲ್ಲಿ ಒಬ್ಬರಾದರೂ ಎದ್ದು ಕೇಳಲೆಂಬುದು ನಮ್ಮ ಕೋರಿಕೆ.